ಹುಬ್ಬಳ್ಳಿ-ಧಾರವಾಡದಿಂದ ಲಾಲ್‌ಬಾಗ್ ನೋಡಲು ಹೊರಟವರಿಗೆ: ಪದೇ ಪದೇ ಕೇಳುವ ಪ್ರಶ್ನೆಗಳು

ನಾನು ಧಾರವಾಡದಲ್ಲಿ ಹೈಸ್ಕೂಲು ಮಕ್ಕಳಿಗೆ ವಿಜ್ಞಾನ ಕಲಿಸುತ್ತೇನೆ. ದಸರೆ ರಜೆ ಮುಗಿದು ಶಾಲಾ ಪ್ರವಾಸದ ಮಾತು ಎದ್ದಿತೆಂದರೆ ಬೇರೆ ಶಾಲೆಯ ಗೆಳೆಯರು, ಪಾಲಕರು, ನಮ್ಮ ಓಣಿಯವರು ಒಬ್ಬೊಬ್ಬರಾಗಿ ಲಾಲ್‌ಬಾಗ್ ಬಗ್ಗೆ ಕೇಳಲು ಶುರು ಮಾಡುತ್ತಾರೆ. ಪ್ರತಿ ವರ್ಷ ಹೆಚ್ಚುಕಡಿಮೆ ಅವೇ ಪ್ರಶ್ನೆಗಳು. ಅದಕ್ಕೇ ಎಲ್ಲವನ್ನೂ ಒಂದು ಕಡೆ ಬರೆದಿಟ್ಟಿದ್ದೇನೆ. ಕುಟುಂಬ ಸಮೇತ ಹೋಗುವವರಿಗೂ ಇದು ಉಪಯೋಗಕ್ಕೆ ಬರುತ್ತದೆ.

ಗಿಡಮರ ನೋಡಲು ಅಷ್ಟು ದೂರ ಯಾಕೆ ಹೋಗಬೇಕು? ನಮ್ಮಲ್ಲಿ ಪಾರ್ಕುಗಳಿಲ್ಲವೇ?

ಇವೆ. ಹುಬ್ಬಳ್ಳಿಯಲ್ಲಿ ಇಂದಿರಾ ಗಾಜಿನ ಮನೆ ಇದೆ, ಉಣಕಲ್ ಕೆರೆ ದಂಡೆ ಇದೆ, ಧಾರವಾಡದಲ್ಲಿ ಸಾಧನಕೇರಿ ಇದೆ. ಆದರೆ ಪಾರ್ಕು ಬೇರೆ, ಸಸ್ಯತೋಟ ಬೇರೆ. ಪಾರ್ಕಿನಲ್ಲಿ ಮರ ನೆಡುವುದು ನೆರಳಿಗೆ, ಅಂದಕ್ಕೆ. ಸಸ್ಯತೋಟದಲ್ಲಿ ಮರ ನೆಡುವುದು ಅದನ್ನು ತಿಳಿಯುವುದಕ್ಕೆ. ಅಲ್ಲಿ ಮರಕ್ಕೆ ಹೆಸರಿನ ಫಲಕ ಇರುತ್ತದೆ, ಅದರ ಕುಟುಂಬ ಯಾವುದು, ಮೂಲ ಊರು ಯಾವುದು ಎಂದು ಬರೆದಿರುತ್ತದೆ.

ಲಾಲ್‌ಬಾಗ್ 240 ಎಕರೆಯ ಸಸ್ಯತೋಟ. 1760ರಲ್ಲಿ ಹೈದರ್ ಅಲಿ ಶುರು ಮಾಡಿದ್ದು, ಟಿಪ್ಪು ಸುಲ್ತಾನ್ ಬೇರೆ ಬೇರೆ ದೇಶಗಳಿಂದ ಗಿಡ, ಬೀಜ ತರಿಸಿ ಬೆಳೆಸಿದ್ದು. 1856ರಲ್ಲಿ ಅದು ಸರ್ಕಾರಿ ಸಸ್ಯತೋಟವಾಯಿತು. ಇವತ್ತು ಅಲ್ಲಿ ಸಾವಿರಕ್ಕೂ ಹೆಚ್ಚು ಬಗೆಯ ಗಿಡಮರಗಳಿವೆ. ಅಷ್ಟೂ ಬಗೆ ಒಂದೇ ಬೇಲಿಯೊಳಗೆ, ಹೆಸರಿನ ಸಮೇತ, ನೂರಾರು ವರ್ಷ ವಯಸ್ಸಾದ ಮರಗಳೂ ಸೇರಿ, ನಮ್ಮ ಕಡೆ ಎಲ್ಲೂ ಸಿಗುವುದಿಲ್ಲ. ಅದಕ್ಕೇ ಹೋಗಬೇಕು.

ಹೋಗುವುದು ಹೇಗೆ? ಮಕ್ಕಳನ್ನು ಕಟ್ಟಿಕೊಂಡು ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ಸಿಕ್ಕಿಬಿದ್ದರೆ?

ಹುಬ್ಬಳ್ಳಿಯಿಂದ ಬೆಂಗಳೂರು ರಸ್ತೆಯಲ್ಲಿ 400 ಕಿಲೋಮೀಟರಿಗೂ ಸ್ವಲ್ಪ ಜಾಸ್ತಿ. ಶಾಲೆಗಳು ಸಾಮಾನ್ಯವಾಗಿ ಬಸ್ಸು ಮಾಡುತ್ತವೆ. ನನ್ನ ಮಾತು ಕೇಳುವುದಾದರೆ ರಾತ್ರಿ ರೈಲು ಒಳ್ಳೆಯದು. ಮಕ್ಕಳು ಮಲಗಿಕೊಂಡು ಹೋಗುತ್ತಾರೆ, ಬೆಳಿಗ್ಗೆ ಲವಲವಿಕೆಯಿಂದ ಇಳಿಯುತ್ತಾರೆ. ಚೆನ್ನಮ್ಮ ಎಕ್ಸ್‌ಪ್ರೆಸ್ ನಮ್ಮ ಕಡೆಯವರಿಗೆಲ್ಲ ಗೊತ್ತಿರುವ ರೈಲೇ. ಹಗಲು ಹೋಗುವವರಿಗೆ 2023ರಿಂದ ವಂದೇ ಭಾರತ್ ಕೂಡ ಇದೆ, ಆದರೆ ಅದರಲ್ಲಿ ಹೋದರೆ ಆ ದಿನ ಲಾಲ್‌ಬಾಗ್ ನೋಡಲು ಆಗುವುದಿಲ್ಲ, ಮರುದಿನವೇ.

ಈಗ ಮುಖ್ಯ ವಿಷಯ. ನಮ್ಮ ಕಡೆಯಿಂದ ಹೋಗುವ ಬಹಳಷ್ಟು ರೈಲುಗಳು ಯಶವಂತಪುರದಲ್ಲಿ ನಿಲ್ಲುತ್ತವೆ. ಅಲ್ಲೇ ಇಳಿಯಿರಿ. ನಿಲ್ದಾಣದ ಪಕ್ಕದಲ್ಲೇ ಹಸಿರು ಮಾರ್ಗದ ಮೆಟ್ರೊ ಇದೆ. ಹತ್ತಿ ಕುಳಿತರೆ ಎಲ್ಲೂ ಬದಲಾಯಿಸದೆ ಲಾಲ್‌ಬಾಗ್ ನಿಲ್ದಾಣದಲ್ಲೇ ಇಳಿಯಬಹುದು. ಮೆಜೆಸ್ಟಿಕ್‌ನಲ್ಲಿ ಇಳಿದವರಿಗೂ ಕಷ್ಟವಿಲ್ಲ: ಚಿಕ್ಕಪೇಟೆ, ಕೆ.ಆರ್. ಮಾರ್ಕೆಟ್, ನ್ಯಾಷನಲ್ ಕಾಲೇಜು, ಆಮೇಲಿನದೇ ಲಾಲ್‌ಬಾಗ್. ಟ್ರಾಫಿಕ್ಕಿನ ಪ್ರಶ್ನೆಯೇ ಬರುವುದಿಲ್ಲ. ಹಳ್ಳಿಯಿಂದ ಬಂದ ಮಕ್ಕಳಿಗೆ ಮೆಟ್ರೊ ಹತ್ತುವುದೇ ಒಂದು ಹಬ್ಬ.

ಯಾವ ಗೇಟಿನಿಂದ ಒಳಗೆ ಹೋಗಬೇಕು?

ನಾಲ್ಕು ಕಡೆ ಗೇಟುಗಳಿವೆ. ಮೆಟ್ರೊದಲ್ಲಿ ಬಂದವರಿಗೆ ಪಶ್ಚಿಮದ ಗೇಟು ಹತ್ತಿರ. ಬಸ್ಸು, ಕಾರು ತಂದವರು ಡಬಲ್ ರೋಡ್ ಕಡೆಯ ಗೇಟಿಗೆ ಹೋಗಿ, ಅಲ್ಲಿ ನಿಲ್ಲಿಸಲು ಜಾಗವಿದೆ. ಒಂದು ಎಚ್ಚರಿಕೆ: ಎಲ್ಲರೂ ಮತ್ತೆ ಕೂಡುವುದು ಯಾವ ಗೇಟಿನಲ್ಲಿ ಎಂದು ಮೊದಲೇ ಗಟ್ಟಿಯಾಗಿ ಹೇಳಿಬಿಡಿ. ಸುಮ್ನೆ ‘ಗೇಟ್ ಹತ್ತಿರ ಬನ್ನಿ’ ಎಂದರೆ ಒಬ್ಬರು ಮಾವಳ್ಳಿ ಕಡೆ, ಒಬ್ಬರು ಸಿದ್ದಾಪುರದ ಕಡೆ ನಿಂತಿರುತ್ತಾರೆ. ನಮಗೆ ಹಾಗೆ ಒಂದು ಸಲ ಆಗಿ, ಎರಡು ಮಕ್ಕಳನ್ನು ಹುಡುಕುವುದರಲ್ಲಿ ಒಂದು ತಾಸು ಹೋಯಿತು. ಆ ಒಂದು ತಾಸು ನಾನು ಪಟ್ಟ ಪಾಡು ಯಾರಿಗೂ ಬೇಡ.

ಸಮಯ, ಟಿಕೆಟ್?

ಬೆಳಿಗ್ಗೆ 6ರಿಂದ ಸಂಜೆ 7ರವರೆಗೆ ತೆರೆದಿರುತ್ತದೆ. ಟಿಕೆಟ್ ಗೇಟಿನಲ್ಲೇ ಸಿಗುತ್ತದೆ. ಫಲಪುಷ್ಪ ಪ್ರದರ್ಶನದ ದಿನಗಳಲ್ಲಿ ದರ ಬೇರೆ, ಜಾಸ್ತಿ ಇರುತ್ತದೆ. ಶಾಲೆಯಿಂದ ಹೋಗುವವರು ಮುಖ್ಯೋಪಾಧ್ಯಾಯರ ಸಹಿ, ಮೊಹರು ಇರುವ ಪತ್ರ ಮತ್ತು ಮಕ್ಕಳ ಪಟ್ಟಿ ಜೊತೆಗಿಟ್ಟುಕೊಳ್ಳಿ. ಮಕ್ಕಳು ಯೂನಿಫಾರ್ಮಿನಲ್ಲೇ ಇರಲಿ. ಗುಂಪಿನಲ್ಲಿ ಗುರುತು ಹಿಡಿಯಲೂ ಅದೇ ಒಳ್ಳೆಯದು.

ಫ್ಲವರ್ ಶೋ ಸಮಯಕ್ಕೇ ಹೋಗಬೇಕೇ?

ವರ್ಷಕ್ಕೆ ಎರಡು ಸಲ, ಗಣರಾಜ್ಯೋತ್ಸವ ಮತ್ತು ಸ್ವಾತಂತ್ರ್ಯ ದಿನದ ಹೊತ್ತಿಗೆ, ಪ್ರದರ್ಶನ ನಡೆಯುತ್ತದೆ. ಪ್ರತಿ ಸಲ ಒಂದು ವಿಷಯ ಇಟ್ಟುಕೊಂಡು ಗಾಜಿನ ಮನೆಯೊಳಗೆ ಹೂವಿನಲ್ಲೇ ದೊಡ್ಡ ದೊಡ್ಡ ರೂಪ ಕಟ್ಟುತ್ತಾರೆ. 2024ರ ಜನವರಿಯಲ್ಲಿ ಬಸವಣ್ಣ ಮತ್ತು ವಚನ ಸಾಹಿತ್ಯ ಇತ್ತು. 2025ರ ಆಗಸ್ಟ್‌ನಲ್ಲಿ ಕಿತ್ತೂರು ಚೆನ್ನಮ್ಮ, ಸಂಗೊಳ್ಳಿ ರಾಯಣ್ಣ. ನಮ್ಮ ಚೆನ್ನಮ್ಮನನ್ನು ಅಲ್ಲಿ ಹೂವಿನಲ್ಲಿ ನೋಡುವುದೆಂದರೆ ನಮ್ಮ ಕಡೆಯವರಿಗೆ ಅದರ ಖುಷಿಯೇ ಬೇರೆ, ಅಲ್ವಾ?

ದೊಡ್ಡವರು ಹೋಗಿ ನೋಡಲಿ, ಖಂಡಿತ ನೋಡುವಂಥದ್ದು. ಆದರೆ ಮಕ್ಕಳಿಗೆ ಗಿಡಮರ ತೋರಿಸುವುದೇ ಉದ್ದೇಶವಾಗಿದ್ದರೆ ಆ ದಿನಗಳನ್ನು ಬಿಟ್ಟುಬಿಡಿ. ಅದರಲ್ಲೂ ಶನಿವಾರ, ಭಾನುವಾರ ಬೇಡವೇ ಬೇಡ. ಜನಸಾಗರ ಇರುತ್ತದೆ. ಮಗು ಮರದ ಹತ್ತಿರ ನಿಲ್ಲಲು ಆಗುವುದಿಲ್ಲ, ನೀವು ಹೇಳಿದ್ದು ಅದಕ್ಕೆ ಕೇಳಿಸುವುದಿಲ್ಲ. ಪ್ರದರ್ಶನ ಇಲ್ಲದ ವಾರದ ನಡುವಿನ ದಿನ, ಬೆಳಿಗ್ಗೆ 7 ಗಂಟೆಗೆ ಒಳಗೆ ಹೋಗಿ ನೋಡಿ. ಅದೇ ತೋಟ, ಆದರೆ ಹಕ್ಕಿಯ ಕೂಗು ಕೇಳಿಸುತ್ತದೆ.

ಯಾವ ತಿಂಗಳು ಒಳ್ಳೆಯದು?

ಡಿಸೆಂಬರ್‌ನಿಂದ ಮಾರ್ಚ್. ಚಳಿಗಾಲ ಮುಗಿಯುತ್ತಾ ಬಂದಂತೆ ಟಬೂಬಿಯಾ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ, ಅದರ ಹಿಂದೆಯೇ ಜಕರಾಂಡ ನೀಲಿ ಹೂ ಬಿಡುತ್ತದೆ. ಏಪ್ರಿಲ್-ಮೇ ಗುಲ್‌ಮೊಹರ್ ಕಾಲ. ಹೀಗೆ ಒಂದಾದ ಮೇಲೊಂದು ಮರ ಹೂ ಬಿಡುವಂತೆ ಬೆಂಗಳೂರಿನಲ್ಲಿ ಆಯ್ದು ನೆಡಿಸಿದವರು ಜರ್ಮನಿಯಿಂದ ಬಂದ ತೋಟಗಾರಿಕೆ ತಜ್ಞ ಕ್ರುಂಬಿಗಲ್. 1908ರಲ್ಲಿ ಲಾಲ್‌ಬಾಗ್‌ಗೆ ಬಂದರು. ಕನ್ನಂಬಾಡಿಯ ಬೃಂದಾವನದ ಹಿಂದೆಯೂ ಇವರ ಕೈ ಇದೆ. ಲಾಲ್‌ಬಾಗ್ ಪಕ್ಕದ ರಸ್ತೆಗೆ ಇವರದೇ ಹೆಸರು.

ಒಂದೇ ದಿನದಲ್ಲಿ ಲಾಲ್‌ಬಾಗ್, ಕಬ್ಬನ್ ಪಾರ್ಕ್, ವಿಶ್ವೇಶ್ವರಯ್ಯ ಮ್ಯೂಸಿಯಂ, ತಾರಾಲಯ ಎಲ್ಲ ಮುಗಿಸಬಹುದೇ?

ಮುಗಿಸಬಹುದು, ನೋಡಲು ಆಗುವುದಿಲ್ಲ. ಪ್ರವಾಸದ ಪಟ್ಟಿ ಉದ್ದ ಇದ್ದಷ್ಟೂ ಪಾಲಕರಿಗೆ ಕೊಟ್ಟ ದುಡ್ಡಿಗೆ ಲೆಕ್ಕ ಸಿಕ್ಕಿತು ಅನಿಸುತ್ತದೆ. ಮಕ್ಕಳನ್ನು ಆಮೇಲೆ ಕೇಳಿ, ಬಸ್ಸಿನ ಕಿಟಕಿ ಬಿಟ್ಟು ಏನೂ ನೆನಪಿರುವುದಿಲ್ಲ. ಲಾಲ್‌ಬಾಗ್‌ಗೆ ಕಡಿಮೆ ಅಂದರೂ ಅರ್ಧ ದಿನ ಕೊಡಿ. ಮಧ್ಯಾಹ್ನದ ಮೇಲೆ ಬೇಕಿದ್ದರೆ ಇನ್ನೊಂದೇ ಒಂದು ಜಾಗ.

ಅರ್ಧ ದಿನದಲ್ಲಿ ಏನೇನು ನೋಡಬೇಕು?

240 ಎಕರೆಯನ್ನೂ ತುಳಿಯಲು ಹೋಗಬೇಡಿ. ನಾನು ಮಕ್ಕಳಿಗೆ ನಾಲ್ಕೈದನ್ನು ಮಾತ್ರ ನಿಧಾನಕ್ಕೆ ತೋರಿಸುತ್ತೇನೆ.

ಮೊದಲು ಬಂಡೆ. ಕೆಂಪೇಗೌಡರ ಹೆಸರಿನ ಗೋಪುರ ಇರುವ ಆ ದೊಡ್ಡ ಬಂಡೆಯ ಮೇಲೆ ಎಲ್ಲರೂ ಹತ್ತುತ್ತಾರೆ, ಫೋಟೋ ತೆಗೆದುಕೊಳ್ಳುತ್ತಾರೆ, ಇಳಿಯುತ್ತಾರೆ. ಕಾಲ ಕೆಳಗೆ ಏನಿದೆ ಎಂದು ನೋಡುವುದೇ ಇಲ್ಲ. ಅದರ ವಯಸ್ಸು ಸುಮಾರು 300 ಕೋಟಿ ವರ್ಷ. ಭೂಮಿಯ ಮೇಲಿನ ಬಹಳ ಹಳೆಯ ಕಲ್ಲುಗಳಲ್ಲಿ ಅದೂ ಒಂದು, ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಮಕ್ಕಳನ್ನು ಕೂರಿಸಿ ಅಂಗೈ ಇಟ್ಟು ನೋಡಲು ಹೇಳಿ. ಬೂದು ಬಣ್ಣದ ಕಲ್ಲಿನಲ್ಲಿ ಕಪ್ಪು, ಬಿಳಿ ಪಟ್ಟೆಗಳು ನೀರಿನಂತೆ ಬಳುಕಿಕೊಂಡು ಹೋಗಿರುವುದು ಕಾಣುತ್ತದೆ. ನೆಲದಾಳದ ಶಾಖ, ಒತ್ತಡಕ್ಕೆ ಸಿಕ್ಕಿ ಮೆತ್ತಗಾಗಿ ಹೊರಳಿದ ಗುರುತು ಅದು. ಇದಕ್ಕೆ ‘ಪೆನಿನ್ಸುಲರ್ ನೈಸ್’ ಎಂದು ಹೆಸರು.

ಇಲ್ಲಿ ನಮ್ಮ ಮಕ್ಕಳ ಕಿವಿ ನೆಟ್ಟಗಾಗುವ ಒಂದು ಮಾತಿದೆ. ದಕ್ಷಿಣದ ಈ ಪುರಾತನ ಭೂಭಾಗವನ್ನು ಇಡೀ ಜಗತ್ತಿನ ಭೂವಿಜ್ಞಾನಿಗಳು ‘ಧಾರವಾಡ ಕ್ರೇಟಾನ್’ ಎಂದು ಕರೆಯುತ್ತಾರೆ. ಹೌದು, ನಮ್ಮ ಧಾರವಾಡ. 19ನೇ ಶತಮಾನದ ಕೊನೆಗೆ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ನಮ್ಮ ಕಡೆಯ ಕಲ್ಲುಗಳನ್ನು ನೋಡಿ ಆ ಬಗೆಯ ಶಿಲೆಗಳಿಗೆ ನಮ್ಮ ಊರಿನ ಹೆಸರಿಟ್ಟರು. ಗದಗಿನ ಕಪ್ಪತಗುಡ್ಡದ ಶಿಲೆಗಳೂ ಅದೇ ಗುಂಪಿನವು. ಬೆಂಗಳೂರಿನ ಬಂಡೆಯ ಮೇಲೆ ನಿಂತು ನಮ್ಮ ಊರಿನ ಹೆಸರು ಕೇಳಿದಾಗ ಹಿಂದಿನ ಸಾಲಿನ ಹುಡುಗರೂ ಮುಂದೆ ಬರುತ್ತಾರೆ.

ಆಮೇಲೆ ಬಿಳಿ ಬೂರುಗದ ಮರ. ಕೆರೆಯ ಕಡೆ ಹೋದರೆ ತಪ್ಪಿಸಿಕೊಳ್ಳಲು ಸಾಧ್ಯವೇ ಇಲ್ಲ. ಬುಡದಿಂದ ಗೋಡೆಗಳಂತೆ ಎದ್ದ ಬೇರುಗಳು, ಒಂದೊಂದರ ಹಿಂದೆ ಮೂರು ಮಕ್ಕಳು ಅಡಗಿ ನಿಲ್ಲಬಹುದು. ಆಳಕ್ಕಿಂತ ಅಗಲಕ್ಕೆ ಬೇರು ಬಿಡುವ ಎತ್ತರದ ಮರಕ್ಕೆ ಈ ಗೋಡೆಗಳೇ ಆಸರೆ. ಒಮ್ಮೆ ಪರೀಕ್ಷೆ ಮುಗಿದ ಮೇಲೆ ಏಪ್ರಿಲ್‌ನಲ್ಲಿ ಹೋಗಿದ್ದೆವು. ಒಂದು ಒಣ ಕಾಯಿ ಒಡೆದು ಕೆಳಗೆ ಬಿದ್ದಿತ್ತು. ನವಲಗುಂದ ಕಡೆಯ ಹತ್ತಿ ಬೆಳೆಯುವ ಮನೆಯ ಹುಡುಗಿ ಅದನ್ನು ಎತ್ತಿ, ಬಿಡಿಸಿ, ಬೆರಳಲ್ಲಿ ತಿಕ್ಕಿ ನೋಡಿ ಹೇಳಿದಳು: “ಸರ್, ಇದರಾಗ ಬೀಜ ಬ್ಯಾರೆ, ಅರಳಿ ಬ್ಯಾರೆ.” ಅರಳಿ ಅಂದರೆ ನಮ್ಮ ಕಡೆ ಹತ್ತಿಯ ಎಳೆ. ನಾನು ಪಾಠದಲ್ಲಿ ಹೇಳಬೇಕೆಂದಿದ್ದನ್ನು ಅವಳೇ ಕಂಡುಹಿಡಿದಿದ್ದಳು. ನಮ್ಮ ಹತ್ತಿಯಲ್ಲಿ ಎಳೆ ಬೀಜದ ಸಿಪ್ಪೆಯಿಂದಲೇ ಬೆಳೆಯುತ್ತದೆ, ಅದಕ್ಕೇ ಬಿಡಿಸಲು ಜಿನ್ ಯಂತ್ರ ಬೇಕು. ಬೂರುಗದಲ್ಲಿ ಎಳೆ ಕಾಯಿಯ ಒಳಗೋಡೆಯಿಂದ ಬೆಳೆಯುತ್ತದೆ, ಬೀಜ ಸುಮ್ನೆ ಅದರ ನಡುವೆ ಮಲಗಿರುತ್ತದೆ. ಆ ಎಳೆಯ ಒಳಗೆ ಟೊಳ್ಳು, ಮೈಗೆ ಮೇಣ. ನೀರು ಹಿಡಿಯುವುದಿಲ್ಲ. ಹಿಂದೆ ಹಡಗಿನವರ ಜೀವರಕ್ಷಕ ಜಾಕೆಟ್ಟಿಗೆ ಅದನ್ನೇ ತುಂಬುತ್ತಿದ್ದರು. 1972ರಲ್ಲಿ ವರಲಕ್ಷ್ಮಿ ಹೈಬ್ರಿಡ್ ಹತ್ತಿಯನ್ನು ದೇಶಕ್ಕೆ ಕೊಟ್ಟ ಊರು ನಮ್ಮದು. ಹತ್ತಿ ಗೊತ್ತಿದ್ದ ಮಕ್ಕಳಿಗೆ ಬೂರುಗ ತೋರಿಸುವುದು ಬಹಳ ಸುಲಭ.

ಮೂರನೆಯದು ನಾಗಲಿಂಗದ ಹೂ. ಇದರ ಹೂ ಟೊಂಗೆಯ ತುದಿಯಲ್ಲಿ ಬಿಡುವುದಿಲ್ಲ, ನೇರ ಕಾಂಡದಿಂದಲೇ ಇಳಿಬಿದ್ದ ಕಡ್ಡಿಗಳಲ್ಲಿ ಬಿಡುತ್ತದೆ. ಕೆಳಗೆ ಬಿದ್ದ ಒಂದು ಹೂವನ್ನು ಅಂಗೈಯಲ್ಲಿ ಇಟ್ಟು ನೋಡಿ. ಹೆಡೆಯಂತೆ ಬಾಗಿದ ಭಾಗದಲ್ಲಿ ಒಂದು ಬಗೆಯ ಕೇಸರಗಳು, ನಡುವಿನ ಉಂಗುರದಲ್ಲಿ ಇನ್ನೊಂದು ಬಗೆ. ಹೆಡೆಯ ಪರಾಗ ದುಂಬಿಗೆ ಊಟ, ಅದರಿಂದ ಬೀಜ ಆಗುವುದಿಲ್ಲ. ಉಂಗುರದ ಪರಾಗ ದುಂಬಿಯ ಬೆನ್ನಿಗೆ ಅಂಟಿಕೊಂಡು ಇನ್ನೊಂದು ಹೂವಿಗೆ ಹೋಗುತ್ತದೆ. ಮಕರಂದವೇ ಇಲ್ಲದ ಹೂ ಹೀಗೆ ಊಟ ಹಾಕಿ ಕೆಲಸ ಮಾಡಿಸಿಕೊಳ್ಳುತ್ತದೆ. ನಾಗಲಿಂಗ ಎಂದು ಪೂಜೆಗೆ ಇಡುತ್ತೇವೆ, ಆದರೆ ಮರದ ತವರು ದಕ್ಷಿಣ ಅಮೆರಿಕ.

ಇನ್ನು ಗಾಜಿನ ಮನೆ. ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್ ಮಾದರಿಯದು. 1889ರ ನವೆಂಬರ್ 30ರಂದು ಅಡಿಗಲ್ಲು ಹಾಕಿದರು. ಮೂಲ ಕ್ರಿಸ್ಟಲ್ ಪ್ಯಾಲೇಸ್ 1936ರಲ್ಲಿ, ಅದೂ ನವೆಂಬರ್ 30ರಂದೇ, ಸುಟ್ಟುಹೋಯಿತು. ನಮ್ಮದು ಇನ್ನೂ ನಿಂತಿದೆ. ಕಬ್ಬಿಣದ ಕಂಬಗಳ ಮೇಲಿನ ಕುಸುರಿ ಕೆಲಸ ಹತ್ತಿರದಿಂದ ನೋಡಿ.

ಮರದ ಪಳೆಯುಳಿಕೆಯೊಂದಿದೆ, 2 ಕೋಟಿ ವರ್ಷದ್ದು, ತಮಿಳುನಾಡಿನ ತಿರುವಕ್ಕರೈನಿಂದ ತಂದದ್ದು. ನೋಡಲು ಮರ, ಮುಟ್ಟಿದರೆ ಕಲ್ಲು. ಹೂವಿನ ಗಡಿಯಾರ, ಬೋನ್ಸಾಯ್ ತೋಟ, ಗುಲಾಬಿ ತೋಟ ಎಲ್ಲ ಹೋಗುತ್ತಾ ಬರುತ್ತಾ ಸಿಗುತ್ತವೆ, ಅವಕ್ಕೆ ನನ್ನ ವಿವರಣೆ ಬೇಕಿಲ್ಲ.

ನೇರವಾಗಿ ಆಕಾಶಕ್ಕೆ ಹೋಗಿರುವ, ಕ್ರಿಸ್‌ಮಸ್ ಟ್ರೀ ತರಹದ ಮರಗಳು ಯಾವುವು?

ಅವು ಅರೌಕೇರಿಯಾ. ಅವುಗಳಲ್ಲಿ ಕುಕ್ ಪೈನ್ ಎಂಬುದೊಂದಿದೆ, ಪೆಸಿಫಿಕ್ ಸಾಗರದ ನ್ಯೂ ಕ್ಯಾಲೆಡೋನಿಯಾ ದ್ವೀಪದ್ದು. ಬೇರೆ ಬೇರೆ ದೇಶಗಳಲ್ಲಿ ಈ ಮರವನ್ನು ಅಳೆದು ನೋಡಿದ ವಿಜ್ಞಾನಿಗಳು 2017ರಲ್ಲಿ ಒಂದು ಸೋಜಿಗ ಹೇಳಿದರು: ಎಲ್ಲಿ ನೆಟ್ಟರೂ ಇದು ಭೂಮಧ್ಯರೇಖೆಯ ಕಡೆಗೆ ವಾಲುತ್ತದೆ. ಅಂದರೆ ನಮ್ಮ ದೇಶದಲ್ಲಿ ದಕ್ಷಿಣಕ್ಕೆ. ಒಂದು ದಿಕ್ಸೂಚಿ ತೆಗೆದುಕೊಂಡು ಹೋಗಿ, ದೂರ ನಿಂತು, ಯಾವ ಮರ ಯಾವ ಕಡೆ ವಾಲಿದೆ ಎಂದು ಮಕ್ಕಳೇ ಬರೆದುಕೊಳ್ಳಲಿ. ಮೊಬೈಲಿನ ದಿಕ್ಸೂಚಿಯೂ ಸಾಕು.

ಫಲಕದ ಮೇಲಿನ ಹೆಸರು ಬಾಯಿಗೇ ಬರುವುದಿಲ್ಲ. ಅದನ್ನು ಓದಿ ಏನು ಪ್ರಯೋಜನ?

ಬಾಯಿಪಾಠ ಮಾಡುವುದು ಬೇಡ. ಆದರೆ ಹೆಸರಿನಲ್ಲಿ ಕಥೆ ಇರುತ್ತದೆ. ಬೇವಿನ ವೈಜ್ಞಾನಿಕ ಹೆಸರು ಅಜಾಡಿರಾಕ್ಟಾ ಇಂಡಿಕಾ. ಮೊದಲ ಪದ ಪಾರ್ಸಿ ಮಾತಿನಿಂದ ಬಂದದ್ದು, ‘ಆಜಾದ್ ದರಖ್ತ್’, ಸ್ವತಂತ್ರ ಮರ. ಹುಣಸೆ ಟ್ಯಾಮರಿಂಡಸ್ ಇಂಡಿಕಾ. ಅದು ಅರಬ್ಬಿಯ ‘ತಮರ್ ಹಿಂದಿ’, ಹಿಂದೂಸ್ತಾನದ ಖರ್ಜೂರ. ಅರಬ್ ವ್ಯಾಪಾರಿಗಳು ಅದನ್ನು ನಮ್ಮದೆಂದೇ ತಿಳಿದು ಆ ಹೆಸರಿಟ್ಟರು. ಅಸಲಿಗೆ ಹುಣಸೆಯ ತವರು ಆಫ್ರಿಕ. ಎರಡು ಪದದ ಹೆಸರಿನಲ್ಲಿ ಮೊದಲನೆಯದು ಮನೆತನ ಇದ್ದಂತೆ, ಎರಡನೆಯದು ಆ ಗಿಡದ ಸ್ವಂತ ಗುರುತು. ಅಷ್ಟು ಹೇಳಿಕೊಟ್ಟರೆ ಮಕ್ಕಳು ತಾವೇ ‘ಇಂಡಿಕಾ’ ಎಲ್ಲೆಲ್ಲಿ ಇದೆ ಎಂದು ಹುಡುಕಲು ಓಡುತ್ತಾರೆ.

ಅಲ್ಲಿರುವುದು ಬರೀ ಪರದೇಶದ ಗಿಡಗಳಂತೆ. ಅದರಿಂದ ನಮಗೇನು?

ಈ ಪ್ರಶ್ನೆಗೆ ನಾನು ಬಾಯಲ್ಲಿ ಉತ್ತರ ಹೇಳುವುದಿಲ್ಲ, ಬುತ್ತಿ ಬಿಚ್ಚಿಸುತ್ತೇನೆ. ರೈಲಿನಲ್ಲಿ ಬೆಳಗಿನ ಊಟಕ್ಕೆ ಕುಳಿತಾಗ ಮಕ್ಕಳಿಗೆ ಕೇಳುತ್ತೇನೆ, ಇದರಲ್ಲಿ ನಮ್ಮದು ಯಾವುದು?

ಜೋಳದ ರೊಟ್ಟಿ. ಜೋಳವನ್ನು ಮೊದಲು ಬೆಳೆಗೆ ತಂದವರು ಆಫ್ರಿಕದವರು. ಶೇಂಗಾ ಹಿಂಡಿ. ಶೇಂಗಾ ದಕ್ಷಿಣ ಅಮೆರಿಕದ್ದು. ಕೆಂಪು ಖಾರ. ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಗುರುತು (ಜಿಐ ಟ್ಯಾಗ್) ಸಿಕ್ಕಿದೆ, ಹಾವೇರಿ ಜಿಲ್ಲೆಯ ಹೆಮ್ಮೆ ಅದು. ಆದರೆ ಮೆಣಸಿನಕಾಯಿ ಗಿಡ ಅಮೆರಿಕದಿಂದ ಪೋರ್ಚುಗೀಸರ ಹಡಗಿನಲ್ಲಿ ಬಂದದ್ದು. ಉಳ್ಳಾಗಡ್ಡಿ ಮಧ್ಯ ಏಷ್ಯದ್ದು. ಕೊನೆಗೆ ಎಣ್ಣೆಗಾಯಿಯ ಬದನೆಕಾಯಿ ಉಳಿಯುತ್ತದೆ. ಅದು ನಮ್ಮ ಸೀಮೆಯದು.

ಮಕ್ಕಳು ಒಂದು ಗಳಿಗೆ ಸುಮ್ಮನಾಗುತ್ತಾರೆ. ಒಬ್ಬ ಹುಡುಗ ಒಮ್ಮೆ ಕೈಯಲ್ಲಿದ್ದ ರೊಟ್ಟಿ ಚೂರನ್ನು ತಿರುಗಿಸಿ ತಿರುಗಿಸಿ ನೋಡಿದ, ಮೊದಲ ಸಲ ನೋಡುವವನ ಹಾಗೆ. ಹೊರಗಿನಿಂದ ಬಂದದ್ದು ಎಂದು ರೊಟ್ಟಿಯನ್ನು ಯಾರಾದರೂ ಬಿಡುತ್ತೇವೆಯೇ? ತಲೆಮಾರುಗಳಿಂದ ನಮ್ಮ ರೈತರು ಆಯ್ದು, ಬಿತ್ತಿ, ಜವಾರಿ ಮಾಡಿಕೊಂಡಿದ್ದಾರೆ. ಬ್ಯಾಡಗಿಯ ಆ ಬಣ್ಣ, ಆ ಸುಕ್ಕು ಅಮೆರಿಕದಲ್ಲಿ ಇರಲಿಲ್ಲ, ಇಲ್ಲಿನ ಮಣ್ಣಿನಲ್ಲಿ ಆದದ್ದು. ಲಾಲ್‌ಬಾಗ್ ಇಂಥ ಪ್ರಯಾಣಗಳ ಒಂದು ದೊಡ್ಡ ನಿಲ್ದಾಣ. ಹೊರಗಿನ ಗಿಡ ತಂದು, ಇಲ್ಲಿ ಬದುಕುತ್ತದೆಯೇ ನೋಡಿ, ಬದುಕಿದರೆ ನಾಡಿಗೆ ಹಂಚುತ್ತಿದ್ದರು. ಹಾಗೆಂದು ತಿಳಿದು ಒಳಗೆ ಹೋದರೆ ಪ್ರತಿ ಫಲಕವೂ ಬೇರೆ ತರಹ ಕಾಣುತ್ತದೆ.

ಊಟ, ನೀರು, ವಯಸ್ಸಾದವರು?

ಲಾಲ್‌ಬಾಗ್‌ನಲ್ಲಿ ಪ್ಲಾಸ್ಟಿಕ್ ನಿಷೇಧ ಇದೆ. ಮಕ್ಕಳಿಗೆ ಸ್ಟೀಲ್ ಬಾಟಲಿ ಕೊಟ್ಟು ಕಳಿಸಿ. ಬುತ್ತಿಯನ್ನು ಒಳಗೆ ಹುಲ್ಲಿನ ಮೇಲೆ ಹರಡಿಕೊಂಡು ಕೂರುವ ಯೋಚನೆ ಬೇಡ, ಹೊರಗೇ ಮುಗಿಸಿಕೊಂಡು ಹೋಗಿ. ಮುಖ್ಯ ಗೇಟಿನ ಹತ್ತಿರ ಮಾವಳ್ಳಿಯಲ್ಲಿ 1924ರಿಂದ ಇರುವ ಎಂ.ಟಿ.ಆರ್. ಇದೆ. ಮನೆಯ ನಾಲ್ಕು ಜನ ಇದ್ದರೆ ಸಾಲಿನಲ್ಲಿ ನಿಂತಾದರೂ ತಿನ್ನಿ. ನಲವತ್ತು ಮಕ್ಕಳ ಜೊತೆ ಅದು ಆಗದ ಮಾತು.

ಮೊಣಕಾಲು ನೋವಿನ ಹಿರಿಯರಿಗೆ ಬ್ಯಾಟರಿ ಗಾಡಿ ಸಿಗುತ್ತದೆ, ದುಡ್ಡು ಕೊಟ್ಟು ಸುತ್ತು ಹಾಕಬಹುದು. ಬಂಡೆ ಹತ್ತುವುದು ಮಾತ್ರ ಅವರಿಗೆ ಬೇಡ, ಮಳೆ ಬಿದ್ದಾಗ ಮಕ್ಕಳಿಗೂ ಬೇಡ. ಜಾರುತ್ತದೆ.

ಮಕ್ಕಳಿಗೆ ಏನೇನು ಎಚ್ಚರಿಕೆ ಹೇಳಬೇಕು?

ದೊಡ್ಡ ಮರಗಳಲ್ಲಿ ಹೆಜ್ಜೇನು ಕಟ್ಟಿರುತ್ತದೆ. ಕಲ್ಲು ಎಸೆಯಬಾರದು, ಕೂಗಾಡಬಾರದು. ಇದನ್ನು ಗೇಟಿನಲ್ಲಿ ಅಲ್ಲ, ಊರಿನಲ್ಲೇ ಹೇಳಿ, ಮತ್ತೆ ಗೇಟಿನಲ್ಲೂ ಹೇಳಿ. ಹೂ, ಎಲೆ ಕೀಳಬಾರದು. ಬಿದ್ದದ್ದನ್ನು ಎತ್ತಿ ನೋಡಿ ಅಲ್ಲೇ ಇಡಬೇಕು. ಕಾಂಡದ ಮೇಲೆ ಹೆಸರು ಕೆತ್ತುವುದಂತೂ ಕೂಡದು. ತೊಗಟೆಯ ಒಳಪದರದಲ್ಲಿ ಎಲೆ ಮಾಡಿದ ಊಟ ಕೆಳಗೆ ಇಳಿಯುತ್ತದೆ. ಅಲ್ಲಿ ಕತ್ತರಿಸುವುದೆಂದರೆ ಮರದ ನರ ಕತ್ತರಿಸಿದಂತೆ. ಎಂಥ ಎಂಥ ಹಳೆಯ ಮರಗಳ ಮೈಮೇಲೆ ಯಾರಯಾರದೋ ಹೆಸರು ನೋಡಿದಾಗ ನನಗೆ ಹೊಟ್ಟೆ ಉರಿಯುತ್ತದೆ.

ಅಲ್ಲಿ ಸಸಿ ಕೊಂಡು ತಂದರೆ ನಮ್ಮಲ್ಲಿ ಬದುಕುತ್ತವೆಯೇ?

ಒಳಗೆ ನರ್ಸರಿಮೆನ್ ಸಹಕಾರ ಸಂಘದ ಮಾರಾಟ ಮಳಿಗೆ ಇದೆ, ಒಳ್ಳೆಯ ಸಸಿ ಸಿಗುತ್ತದೆ. ಆದರೆ ನೋಡಿ ತನ್ನಿ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ, ಹವೆ ತಂಪು. ನಾನು ಮೊದಲ ಸಲ ಆಸೆಪಟ್ಟು ತಂದ ಬಿಗೋನಿಯ ಏಪ್ರಿಲ್ ಎರಡನೇ ವಾರ ದಾಟಲಿಲ್ಲ. ಎಲೆಯ ಅಂಚು ಕಾಗದ ಸುಟ್ಟ ಹಾಗೆ ಕಂದಾಯಿತು, ಮೂರೇ ದಿನದಲ್ಲಿ ಕಾಂಡ ಕುಸಿಯಿತು.

ಇನ್ನು ನೆಲ. ಹುಬ್ಬಳ್ಳಿ, ನವಲಗುಂದ, ಗದಗ ಕಡೆಯ ಎರೆ (ಕಪ್ಪು) ಮಣ್ಣು ಮಳೆಗಾಲದಲ್ಲಿ ಹಿಗ್ಗಿ ನೀರು ಹಿಡಿದಿಡುತ್ತದೆ, ಬೇಸಿಗೆಯಲ್ಲಿ ಬಾಯಿ ಬಿಟ್ಟು ಎಳೆ ಬೇರುಗಳನ್ನು ಹರಿಯುತ್ತದೆ. ಬೆಂಗಳೂರಿನ ಕೆಂಪು ಮಣ್ಣಿನಲ್ಲಿ ಬೆಳೆದ ಸಸಿಗೆ ಇದು ಹೊಸದು. ಎರೆ ಮಣ್ಣಿನವರು ಕುಂಡದಲ್ಲಿ ಮರಳು, ಗೊಬ್ಬರ ಬೆರೆಸಿ ಇಡಿ. ಧಾರವಾಡದ ಪಡುವಣ ಭಾಗದ ಮಸಾರಿ (ಕೆಂಪು) ಮಣ್ಣಿನವರಿಗೆ ಅಷ್ಟು ತೊಂದರೆ ಇಲ್ಲ.

ಹೋಗುವ ಮೊದಲು ಶಾಲೆಯಲ್ಲಿ ಏನಾದರೂ ತಯಾರಿ ಬೇಕೇ?

ಬೇಕು. ಒಂದು ವಾರ ಮೊದಲು ಶಾಲೆಯ ಅಂಗಳದ ಒಂದು ಮರವನ್ನು ಮಕ್ಕಳಿಗೆ ಒಪ್ಪಿಸಿ. ಬೇವೋ ಹೊಂಗೆಯೋ, ಯಾವುದಾದರೂ ಸರಿ. ನೆಲದಿಂದ ಎದೆಮಟ್ಟದಲ್ಲಿ, ಸುಮಾರು 1.3 ಮೀಟರ್ ಎತ್ತರದಲ್ಲಿ, ದಾರ ಸುತ್ತಿ ಸುತ್ತಳತೆ ತೆಗೆಯಲಿ. ಎಲೆ ಒಂಟಿಯೋ ಜೋಡಿಯೋ, ತೊಗಟೆ ನಯವೋ ಒರಟೋ, ಯಾವ ಹಕ್ಕಿ ಬರುತ್ತದೆ, ಬರೆದುಕೊಳ್ಳಲಿ. ಅದೇ ದಾರವನ್ನು ಲಾಲ್‌ಬಾಗ್‌ಗೆ ಒಯ್ಯಿರಿ. ನಮ್ಮ ಬೇವಿಗೆ ಒಂದು ಸುತ್ತು ಬಂದ ದಾರ ಅಲ್ಲಿನ ಹಳೆಯ ಮರಕ್ಕೆ ಕಾಲು ಭಾಗಕ್ಕೂ ಸಾಲದೆ ಹೋದಾಗ ಮಕ್ಕಳ ಮುಖ ನೋಡಬೇಕು. ‘ದೊಡ್ಡ ಮರ’ ಎಂಬ ಮಾತಿಗೆ ಆಗ ಅಳತೆ ಸಿಗುತ್ತದೆ.

ಕೆಲವು ಶಾಲೆಗಳು ಮಕ್ಕಳಿಗೆ ಹತ್ತು ಪುಟದ ಪ್ರಶ್ನೆಪತ್ರಿಕೆ ಕೊಟ್ಟು ಕಳಿಸುತ್ತವೆ. ದಯವಿಟ್ಟು ಬೇಡ. ಮಕ್ಕಳು ಮರ ನೋಡುವುದಿಲ್ಲ, ಫಲಕದಿಂದ ಉತ್ತರ ಇಳಿಸಿಕೊಳ್ಳುತ್ತಾರೆ.

ಬೆಂಗಳೂರಿಗೆ ಹೋಗುವಷ್ಟು ದುಡ್ಡು, ಸಮಯ ಇಲ್ಲದವರು ಏನು ಮಾಡಬೇಕು?

ಕಡಿಮೆ ದುಡ್ಡಿನಲ್ಲಿ ನೋಡುವಂಥವು ನಮ್ಮ ಸುತ್ತಲೂ ಇವೆ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಆವರಣವೇ ಮರಗಳಿಂದ ತುಂಬಿದೆ, ಅದೇ ಆವರಣದಲ್ಲಿ ಪ್ರಾದೇಶಿಕ ವಿಜ್ಞಾನ ಕೇಂದ್ರ ಇದೆ. ಎರಡೂ ಸೇರಿ ಒಂದು ದಿನಕ್ಕೆ ಸಾಕು. ಕೃಷಿ ವಿಶ್ವವಿದ್ಯಾಲಯದ ಕೃಷಿ ಮೇಳಕ್ಕೆ ಹೇಗೂ ಎಲ್ಲರೂ ಹೋಗುತ್ತೀರಿ. ಹೋದಾಗ ಟ್ರ್ಯಾಕ್ಟರು ನೋಡಿ ಬರುವುದಷ್ಟೇ ಅಲ್ಲ, ಬೆಳೆಗಳ ತಾಕುಗಳಲ್ಲೂ ಸ್ವಲ್ಪ ಹೊತ್ತು ನಿಲ್ಲಿ. ಗದಗಿನವರಿಗೆ ಕಪ್ಪತಗುಡ್ಡ ಇದೆ, ಔಷಧಿ ಸಸ್ಯಗಳಿಗೆ ಹೆಸರಾದದ್ದು, 2019ರಿಂದ ವನ್ಯಜೀವಿ ಧಾಮ. ಮಳೆ ಬಿದ್ದು ಹಸಿರಾದ ಮೇಲೆ, ಆಗಸ್ಟ್‌ನಿಂದ ಅಕ್ಟೋಬರ್ ಒಳಗೆ, ಅರಣ್ಯ ಇಲಾಖೆಗೆ ಮೊದಲೇ ತಿಳಿಸಿ ಹೋಗಿ.

ನನಗೆ ಎಲ್ಲಕ್ಕಿಂತ ಇಷ್ಟದ ಜಾಗ ಹಾವೇರಿ ಜಿಲ್ಲೆಯ ಸವಣೂರು. ಅಲ್ಲಿ ದೊಡ್ಡಹುಣಸೆ ಕಲ್ಮಠದ ಅಂಗಳದ ಮರಗಳನ್ನು ಜನ ದೊಡ್ಡ ಹುಣಸೆ ಎನ್ನುತ್ತಾರೆ. ಅದು ಹುಣಸೆಯಲ್ಲ, ಆಫ್ರಿಕದ ಬಾವೊಬಾಬ್. ಕಾಯಿಯ ತಿರುಳು ಹುಳಿ, ಅದಕ್ಕೇ ಆ ಹೆಸರು. ಕೃಷ್ಣ ತಂದು ನೆಟ್ಟ ಎಂದೂ ಊರವರು ಹೇಳುತ್ತಾರೆ. ಬುಡ ಎಷ್ಟು ದಪ್ಪ ಎಂದರೆ ಹತ್ತು ಮಕ್ಕಳು ಕೈಕೈ ಹಿಡಿದು ನಿಂತರೂ ಸುತ್ತು ಕೂಡುವುದು ಕಷ್ಟ. ಅದರ ಹೂ ಸಂಜೆ ಅರಳುತ್ತದೆ, ಪರಾಗ ಒಯ್ಯುವುದು ಬಾವಲಿ. ತೊಗಟೆ ಮುಟ್ಟಿದರೆ ಆನೆಯ ಚರ್ಮದ ಹಾಗೆ, ಒಳಗಿನ ಕಟ್ಟಿಗೆ ಸ್ಪಂಜಿನಂತೆ ನೀರು ತುಂಬಿಟ್ಟುಕೊಳ್ಳುತ್ತದೆ. ಎಲೆ ಇರುವುದು ಮಳೆಗಾಲದ ಸುತ್ತಮುತ್ತ. ಬೇಸಿಗೆಯಲ್ಲಿ ಹೋದರೆ ಬೇರು ಮೇಲಾಗಿ ನೆಟ್ಟ ಮರದಂತೆ ಬೋಳು ಟೊಂಗೆ ಕಾಣುತ್ತದೆ. ಹುಬ್ಬಳ್ಳಿಯಿಂದ ಬೆಳಿಗ್ಗೆ ಹೊರಟರೆ ಮಧ್ಯಾಹ್ನದ ಊಟಕ್ಕೆ ಮನೆಗೆ ಬರಬಹುದು. ಬರುವಾಗ ಸವಣೂರಿನ ವೀಳ್ಯದೆಲೆ ಒಂದು ಕವಳಿಗೆ, ಕುರುಕಲು ತಿಂಡಿ ಸವಣೂರು ಖಾರ ಕಾಲು ಕಿಲೋ ತರುವುದನ್ನು ಮರೆಯಬೇಡಿ. ಮತ್ತೆ, ಅಳೆಯುವ ದಾರ ಉದ್ದದ್ದೇ ಇರಲಿ.